ಕಟ್ಟದೆ ಬಿಟ್ಟ ಮೂಲೆಯ ಬೆಲೆ

ಎರಡು ಲಕ್ಷದ ನಲವತ್ತು ಸಾವಿರ ರೂಪಾಯಿ. ಗಾಳಿಬೀಡಿನ ನನ್ನ ಜಾಗದಲ್ಲಿ ಒಂದು ಮೂಲೆಯನ್ನು ಏನೂ ಕಟ್ಟದೆ ಖಾಲಿ ಬಿಡುವುದಕ್ಕೆ ನನಗೆ ತಗುಲಿದ ಖರ್ಚು ಇದು.

ಸರಿಯಾಗಿಯೇ ಓದಿದಿರಿ. ಖಾಲಿ ಬಿಡುವುದಕ್ಕೆ.

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ಗುಣ ಗೊತ್ತು. ಕೊತ್ತಂಬರಿ ಕಟ್ಟು ಕೊಂಡರೂ ಮೇಲೆ ನಾಲ್ಕು ಹಸಿಮೆಣಸಿನಕಾಯಿ ಹಾಕಿಸಿಕೊಳ್ಳದೆ ಮನೆಗೆ ಬಂದವನಲ್ಲ. ಕುಶಾಲನಗರದಲ್ಲಿ ಹಳೇ ಗೋಣಿಚೀಲ ಮಾರುವುದರಿಂದ ಶುರು ಮಾಡಿ, ಹಾರ್ಡ್‌ವೇರ್ ಅಂಗಡಿ ಇಟ್ಟು, ಅಂಗಡಿಯ ಲಾಭದಲ್ಲಿ ಗುಡ್ಡದ ಮೇಲೆ ಎರಡು ಎಕರೆ ಕೊಂಡವನು. ಅಂಥವನು ಖಾಲಿ ಮೂಲೆಗೆ ಇಷ್ಟು ದುಡ್ಡು ಸುರಿದು, ಈಗ ಅದನ್ನು ಖುಷಿಯಿಂದ ನಿಮಗೆ ಹೇಳುತ್ತಿದ್ದಾನೆ ಎಂದರೆ ನಡುವೆ ಏನೋ ನಡೆದಿರಬೇಕಲ್ಲ?

ನಡೆದದ್ದು ಸುಮತಿ ಮೇಡಂ.

ನನ್ನ ಯೋಜನೆ ಸರಳವಾಗಿತ್ತು. ಇಳಿಜಾರಿನಲ್ಲಿ ನಾಲ್ಕು ಕಾಟೇಜು, ನಡುವೆ ಒಂದು ಲಾನ್. ಮಡಿಕೇರಿಯ ಎಂಜಿನಿಯರ್ ಒಬ್ಬರು ಕಾಟೇಜುಗಳ ಪ್ಲ್ಯಾನ್ ಕೊಟ್ಟು, "ಕಟ್ಟಡ ನಾನು ಮಾಡ್ತೀನಿ. ಈ ಸ್ಲೋಪಿಗೆ ಮಾತ್ರ ಒಬ್ರು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟನ್ನ ಕೇಳಿ ಸಾರ್" ಎಂದರು. ಲ್ಯಾಂಡ್‌ಸ್ಕೇಪ್ ಎಂದರೆ ಹುಲ್ಲು ಹಾಸಿ, ಕ್ರೋಟನ್ ಕುಂಡ ಇಟ್ಟು, ನಡುವೆ ಒಂದು ಸಿಮೆಂಟಿನ ಜಿಂಕೆ ನಿಲ್ಲಿಸುವುದು ಎಂದೇ ನಾನು ತಿಳಿದಿದ್ದೆ. (ಜಿಂಕೆಗೆ ರೇಟು ಕೂಡ ಕೇಳಿ ಇಟ್ಟಿದ್ದೆ.)

ಸುಮತಿ ಮೇಡಂ ಮೈಸೂರಿನವರು. ಸೋಮವಾರದಿಂದ ಶುಕ್ರವಾರ ವಿಶ್ವವಿದ್ಯಾಲಯದಲ್ಲಿ ಪಾಠ. ಶನಿವಾರ, ಭಾನುವಾರ ಸೈಟು. ಇಬ್ಬರು ಸಹಾಯಕರ ಒಂದು ಪುಟ್ಟ ಆಫೀಸು. ವಿಶ್ವವಿದ್ಯಾಲಯದ ಅನುಮತಿ ಪಡೆದೇ ನಡೆಸುವ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡು ಬಂದಿದ್ದಾರೆ, ಮುಳುಗಿಲ್ಲ. ನಕ್ಷೆಗಳನ್ನು ಸುತ್ತಿ ಇಟ್ಟುಕೊಳ್ಳಲು ನಾಲ್ಕಿಂಚಿನ ಪಿವಿಸಿ ಪೈಪು, ಎರಡೂ ಕಡೆ ಎಂಡ್ ಕ್ಯಾಪು. ಅದನ್ನು ನೋಡಿದ ಕೂಡಲೇ ಇವರು ನಮ್ಮ ಪೈಕಿ ಎನಿಸಿತು. ಅಂಗಡಿಯಲ್ಲಿ ಸಿಗುವ ದುಬಾರಿ ಡಬ್ಬಿ ಕೊಳ್ಳದವರ ಮೇಲೆ ನನಗೆ ಮೊದಲಿನಿಂದಲೂ ಗೌರವ.

ಗೌರವ ಬೇರೆ, ಚೌಕಾಸಿ ಬೇರೆ. ಫೀಸು ಕೇಳಿದ ಮೇಲೆ ನಾನು ಶುರು ಮಾಡಿದೆ.

"ಮೇಡಂ, ನಿಮಗೆ ಕಾಲೇಜಿನ ಸಂಬಳ ಹೇಗೂ ಬರುತ್ತೆ. ಈ ಕೆಲಸ ನಿಮಗೆ ಅರ್ಧ ವಾರದ್ದು. ಫೀಸೂ ಅರ್ಧ ಆದ್ರೆ ನ್ಯಾಯ ಅಲ್ವಾ?"

"ನಿಮಗೆ ಹಾರ್ಡ್‌ವೇರ್ ಅಂಗಡಿ ಹೇಗೂ ಇದೆ. ಕಾಟೇಜಿಗೆ ಬರೋರಿಂದ ಅರ್ಧ ಬಾಡಿಗೆ ತಗೊಳ್ತೀರಾ?"

ನನ್ನ ತಕ್ಕಡಿಯಲ್ಲೇ ನನ್ನನ್ನು ತೂಗಿಬಿಟ್ಟರು. ಇಷ್ಟು ವರ್ಷದ ವ್ಯಾಪಾರದಲ್ಲಿ ಹಾಗಾದದ್ದು ಅಪರೂಪ. ನನ್ನ ಮುಖ ನೋಡಿ ಅವರೇ ಒಂದು ಮಾತು ಸೇರಿಸಿದರು. "ಫೀಸು ಕಮ್ಮಿ ಮಾಡಲ್ಲ. ನನ್ನ ಕ್ಲಾಸಿನ ಹದಿನೆಂಟು ಮಕ್ಕಳು ಮೂರು ಸಲ ಜೊತೆಗೆ ಬರ್ತಾರೆ. ಅವರಿಗೆ ಮಧ್ಯಾಹ್ನದ ಊಟ ನಿಮ್ಮದು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿನೆಂಟು ಜನ, ಕೂಲಿ ಇಲ್ಲ, ಊಟ ಮಾತ್ರ. ತಕ್ಷಣ ಒಪ್ಪಿದೆ. ಆ ಮಕ್ಕಳು ಒಂದು ಕಲ್ಲನ್ನೂ ಎತ್ತುವುದಿಲ್ಲ, ಮರದ ಬುಡದಲ್ಲಿ ಕೂತು ಚಿತ್ರ ಬರೆಯುತ್ತಾರೆ ಮತ್ತು ಒಬ್ಬೊಬ್ಬರು ಐದು ಅಕ್ಕಿ ರೊಟ್ಟಿ ತಿನ್ನುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು.

ಇಲ್ಲಿ ನಾನು ಮಾಡಿದ ಎರಡು ಜಾಣತನಗಳನ್ನು ಹೇಳಬೇಕು.

ನನ್ನ ಜಾಗದ ಕೆಳಗೆ, ಬರೆಯ ಬುಡದಲ್ಲಿ, ಸೀತಕ್ಕನ ಮನೆ. ಹೊರಗಿನವರಿಗೆ ಹೇಳುತ್ತೇನೆ, ನಮ್ಮಲ್ಲಿ ಗುಡ್ಡದ ಕಡಿದಾದ ಮಣ್ಣಿನ ಗೋಡೆಗೆ ಬರೆ ಎನ್ನುತ್ತಾರೆ. ಮಳೆಗಾಲದಲ್ಲಿ "ಬರೆ ಜಾರಿತು" ಎಂಬ ಸುದ್ದಿ ಇಲ್ಲದೆ ನಮ್ಮ ಪೇಪರು ಅಚ್ಚಾಗುವುದಿಲ್ಲ. ಸೀತಕ್ಕನದು ಅರೆಭಾಷೆ ಮಾತಾಡುವ ಕುಟುಂಬ. ಮಗ, ಸೊಸೆ, ತೊಟ್ಟಿಲಲ್ಲಿ ಮೊಮ್ಮಗಳು, ಮನೆಗೆ ತಾಗಿದಂತೆ ದನದ ಕೊಟ್ಟಿಗೆ. ನಾನು ಜಾಗ ಕೊಂಡ ಹೊಸತರಲ್ಲಿ ಅವರು ಮೇಲೆ ಹತ್ತಿ ಬಂದು, ಕೆಳಗಿನ ತುದಿಯತ್ತ ಕೈ ತೋರಿಸಿ ಹೇಳಿದ್ದರು:

"ಆ ಮೂಲೆಲಿ ಕಣ್ಣುಂಟು ಸಾವ್ಕಾರ್ರೆ. ಅದೊಂದು ಸುಮ್ನೆ ಬಿಟ್ಬಿಡಿ, ಒಳ್ಳೇದು."

ನಾನು ವ್ಯಾಪಾರಿ. ಜಾಗದ ವಿಷಯದಲ್ಲಿ ಯಾರ ಬಾಯಲ್ಲಿ 'ಕಣ್ಣು' ಎಂಬ ಮಾತು ಬಂದರೂ ನನಗೆ ಕೇಳುವುದು ಒಂದೇ ಅರ್ಥ. ಓಹೋ, ಈಯಮ್ಮನಿಗೆ ಆ ಮೂಲೆಯ ಮೇಲೆ ಕಣ್ಣಿದೆ. ಮುಂದಿನ ವಾರವೇ ಮೂಲೆಗೆ ಐದು ಸಾಲು ಮುಳ್ಳುತಂತಿ ಎಳೆಸಿದೆ. ಅದು ಮೊದಲ ಜಾಣತನ.

ಎರಡನೆಯದು, ಮೇಡಂ ಮೊದಲ ಸಲ ಬರುವ ಹಿಂದಿನ ದಿನ ಇಡೀ ಜಾಗವನ್ನು ಕ್ಲೀನ್ ಮಾಡಿಸಿದ್ದು. ಕುರುಚಲು, ಬಳ್ಳಿ, ಮೂಲೆಯಲ್ಲಿ ದಟ್ಟವಾಗಿದ್ದ ಕಾಡುಕೆಸ, ಎಲ್ಲವನ್ನೂ ಬುಡಸಮೇತ ಕೀಳಿಸಿದೆ. ಅಳತೆ ಬೇಗ ಮುಗಿಯಲಿ, ಇನ್ನೊಂದು ವಿಸಿಟ್ಟಿನ ಖರ್ಚು ಉಳಿಯಲಿ ಎಂದು.

ಮೇಡಂ ಬಂದರು. ನನ್ನ ಜಾಗಕ್ಕೆ ಬಂದವರೆಲ್ಲ ಮೊದಲು ಎದುರಿನ ಬೆಟ್ಟ ನೋಡಿ "ಆಹಾ, ಏನು ವ್ಯೂ" ಎನ್ನುತ್ತಾರೆ. ಇವರು ಕುಕ್ಕರಗಾಲಿನಲ್ಲಿ ಕೂತು ಮಣ್ಣನ್ನು ಬೆರಳಲ್ಲಿ ಉಜ್ಜಿದರು. ಮಳೆನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಲಾನು ಬೇಡ ಎಂದರು. ಸಿಮೆಂಟಿನ ಜಿಂಕೆಯ ವಿಷಯ ತೆಗೆಯುವ ಧೈರ್ಯ ನನಗೆ ಬರಲಿಲ್ಲ.

ಆ ಮೂಲೆಯ ಬಗ್ಗೆ ಕೇಳಿದಾಗ ನಾನು ಹೇಳಿದ್ದು ಇಷ್ಟು: "ಅಲ್ಲಿ ಏನೂ ಇಲ್ಲ ಮೇಡಂ, ಒಣನೆಲ. ಕೆಳಗಿನ ಮನೆಯವರಿಗೆ ಅದರ ಮೇಲೆ ಕಣ್ಣಿದೆ. ಮಣ್ಣು ತಡೆಯೋ ಮೊದಲ ಗೋಡೆ ಅಲ್ಲೇ ಬರಲಿ. ನಾಲ್ಕನೇ ಕಾಟೇಜೂ ಅಲ್ಲೇ."

ನೆಲ ನೋಡಿದರೆ ನಿಜಕ್ಕೂ ಒಣಗಿಯೇ ಇತ್ತು. ಅವರು ಬರೆದುಕೊಂಡರು. ನಕ್ಷೆ ತಯಾರಾಯಿತು. ಗೋಡೆಗೆ ಸೈಜುಗಲ್ಲು ಬಂದು ಬಿತ್ತು. ಜೆಸಿಬಿ ಮೂಲೆಯಲ್ಲಿ ನಾಲ್ಕಡಿ ಟ್ರೆಂಚು ತೋಡಿ ನಿಂತಿತ್ತು. ಮೇ ತಿಂಗಳ ನಡುವಿನ ಒಂದು ಶನಿವಾರ ಮಕ್ಕಳು ಮೂರನೇ ಸಲ ಬಂದರು.

ಊಟದ ಹೊತ್ತು. ಹದಿನೆಂಟು ಜನ ಎಳೆಯರು ಸಾಲಾಗಿ ಕೂತಿರುವಾಗ ಉಪದೇಶ ಮಾಡದೆ ಇರುವುದು ನನ್ನಂಥವನಿಗೆ ಸಾಧ್ಯವೇ? ಆಸ್ತಿ ಕೊಂಡರೆ ಸಾಲದು, ಉಳಿಸಿಕೊಳ್ಳಲು ಕಿವಿ ಚುರುಕಿರಬೇಕು ಎಂದು ಶುರು ಮಾಡಿದೆ. ಸೀತಕ್ಕನ ಕಥೆ ಹೇಳಿದೆ. ಅವರ ಧಾಟಿಯಲ್ಲೇ ಮಿಮಿಕ್ರಿ ಮಾಡಿ, "ಆ ಮೂಲೆಲಿ ಕಣ್ಣುಂಟು ಸಾವ್ಕಾರ್ರೆ" ಎಂದೆ. ಮಕ್ಕಳು ನಕ್ಕರು.

ಒಬ್ಬಳು ನಗಲಿಲ್ಲ. ಕಾವ್ಯ ಅಂತ, ಶನಿವಾರಸಂತೆ ಕಡೆಯ ಹುಡುಗಿ. ಮನೆಯಲ್ಲಿ ಗದ್ದೆ ಬೇಸಾಯ.

"ಸರ್, ಅವ್ರು 'ಮೂಲೆ ಮೇಲೆ ಕಣ್ಣು' ಅಂದ್ರಾ, 'ಮೂಲೇಲಿ ಕಣ್ಣು' ಅಂದ್ರಾ?"

"ಮೂಲೆಲಿ ಅಂದ್ರು. ಏನಾಯ್ತೀಗ?"

"ಎರಡೂ ಬೇರೆ ಅಲ್ವಾ ಸರ್. ನಮ್ಮ ಕಡೆ ಗದ್ದೆ ಬದೀಲಿ ಜಲ ಏಳೋ ಜಾಗಕ್ಕೆ ಕಣ್ಣು ಅಂತಾರೆ. ಬೇಸಿಗೇಲಿ ಕಾಣಲ್ಲ. ಮಳೆ ಹಿಡಿದ್ರೆ ಬಿಟ್ಕೊಳ್ಳುತ್ತೆ."

ಮೇಡಂ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಕೈ ತೊಳೆಯದೆಯೇ ಟ್ರೆಂಚಿನ ಕಡೆ ನಡೆದರು. ನಾವೆಲ್ಲ ಹಿಂದೆ.

"ಇಲ್ಲಿ ಮೊದಲು ಏನು ಬೆಳೆದಿತ್ತು?" ಎಂದು ನನ್ನನ್ನು ಕೇಳಿದರು.

"ಏನೂ ಇಲ್ಲ ಮೇಡಂ. ಬರೀ ಕಾಡುಕೆಸ."

"ಯಾವಾಗ ಕಿತ್ಸಿದ್ರಿ?"

"ನೀವು ಬರೋ ಹಿಂದಿನ ದಿನ. ನಿಮಗೆ ಅಳತೆ ಸುಲಭ ಆಗ್ಲಿ ಅಂತ."

ಕೆಸ ನೀರಿನ ಪಸೆ ಇರುವಲ್ಲಿ ಬೆಳೆಯುವ ಗಿಡ ಎಂದು ಪತ್ರೊಡೆ ತಿಂದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು, ತಲೆಗೆ ಹೋಗಿರಲಿಲ್ಲ. ಮೇಡಂ ಜೆಸಿಬಿಯವನ ಹತ್ತಿರ ಇನ್ನೆರಡು ಅಡಿ ತೆಗೆಸಿದರು. ಕೆಂಪು ಮಣ್ಣು ಹೋಗಿ ಬೂದು ಜೇಡಿ ಬಂತು. ಅರ್ಧಕ್ಕೆ ಬಿಟ್ಟ ಊಟ ಮುಗಿಸಿ ಬರುವಷ್ಟರಲ್ಲಿ ಗುಂಡಿಯಲ್ಲಿ ಬೊಗಸೆಯಷ್ಟು ನೀರು ನಿಂತಿತ್ತು. ಮೇ ತಿಂಗಳಲ್ಲಿ, ಒಂದು ವಾರದಿಂದ ಒಳ್ಳೆ ಮಳೆ ಬಾರದ ನೆಲದಲ್ಲಿ.

ಮೇಡಂ ಮಕ್ಕಳಿಗೆ ವಿವರಿಸಿದರು. ನನಗೂ ಸೇರಿಸಿಯೇ ಅನಿಸುತ್ತದೆ. ನೀರಿನ ಬಾಯಿಗೆ ಅಡ್ಡ ಗೋಡೆ ಕಟ್ಟಿ, ಮೇಲೆ ಕಾಟೇಜು ಕೂರಿಸಿದರೆ ಜುಲೈ ತಿಂಗಳಲ್ಲಿ ನೀರು ಗೋಡೆಯ ಹಿಂದೆ ತುಂಬುತ್ತದೆ. ಎಷ್ಟು ದಿನ ತಡೆದೀತು? ಆಮೇಲೆ ಗೋಡೆ, ಮಣ್ಣು, ಕಾಟೇಜು ಎಲ್ಲ ಒಟ್ಟಿಗೆ ಬರೆಯಿಂದ ಜಾರುತ್ತದೆ. ಜಾರಿ ಬೀಳುವುದು ಎಲ್ಲಿಗೆ ಎಂದು ಅವರು ಹೇಳಲಿಲ್ಲ. ಕೆಳಗೆ ಸೀತಕ್ಕನ ಹೆಂಚಿನ ಮಾಡು ಕಾಣುತ್ತಿತ್ತು. ಅಂಗಳದಲ್ಲಿ ಪುಟ್ಟ ಪುಟ್ಟ ಬಟ್ಟೆ ಒಣಗುತ್ತಿತ್ತು.

ಆಮೇಲೆ ಅವರು ಮಾಡಿದ್ದೇ ನನಗೆ ಇವತ್ತಿಗೂ ಅರಗದ ವಿಷಯ. ಪೈಪಿನಿಂದ ನಕ್ಷೆ ತೆಗೆದು, ಜೆಸಿಬಿಯ ಚಕ್ರಕ್ಕೆ ಒತ್ತಿ ಹಿಡಿದು, ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೀರೆಳೆದರು.

"ಈ ಶೀಟು ತಪ್ಪು. ತಪ್ಪು ಮಾಡಿದ್ದು ನಾನು. ಜಾಗದ ಓನರ್ ಹೇಳಿದ್ದು ಬರ್ಕೊಂಡೆ, ಕೆಳಗೆ ಬದುಕೋರನ್ನ ಕೇಳಲಿಲ್ಲ. ಕೇಳಿ ಅಂತ ನಿಮಗೆ ಮೂರು ವರ್ಷದಿಂದ ಹೇಳ್ತಿರೋಳು ನಾನೇ. ಕಾವ್ಯ, ನೀನು ಕೇಳಿದ ಪ್ರಶ್ನೆನ ಎಲ್ಲರೂ ಬರ್ಕೊಳ್ಲಿ."

ವಿದ್ಯಾರ್ಥಿಗಳ ಮುಂದೆ. ಜೆಸಿಬಿಯವನ ಮುಂದೆ. ಫೀಸು ಕೊಡುವ ನನ್ನ ಮುಂದೆ.

ನಾನು ಅಂಗಡಿ ಇಟ್ಟು ಮೂವತ್ತು ವರ್ಷ. ಮುಕ್ಕಾಲಿಂಚಿನ ಬದಲು ಒಂದಿಂಚಿನ ನಲ್ಲಿ ಕೊಟ್ಟು ಕಳಿಸಿದರೂ "ನೀವು ಅಳತೆ ಸರಿ ಹೇಳಿಲ್ಲ" ಎಂದೇ ವಾದಿಸುತ್ತಿದ್ದವನು. ಗಿರಾಕಿಯ ಮುಂದೆ ತಪ್ಪು ಒಪ್ಪಿಕೊಂಡರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನಂಬಿದವನು. ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಚೌಕಾಸಿಗೆ ಸಿಕ್ಕ ಬಾಗಿಲು.

"ಮೇಡಂ, ತಪ್ಪು ನಿಮ್ದು ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಫೀಸಲ್ಲಿ..."

"ಹೊಸ ನಕ್ಷೆಗೆ ಒಂದು ರೂಪಾಯಿನೂ ತಗೊಳ್ಳಲ್ಲ. ಅದು ನನ್ನ ಪಾಲು. ಕೆಸ ಕಿತ್ಸಿದ್ದು, ತಂತಿ ಎಳ್ಸಿದ್ದು, ಅವ್ರು ಹೇಳಿದ ಮಾತನ್ನ ನನಗೆ ತಿರುಗಿಸಿ ಹೇಳಿದ್ದು, ಇದರ ಖರ್ಚು ನಿಮ್ಮ ಪಾಲು. ಸರಿನಾ?"

ಸರಿ ಎನ್ನದೆ ಏನು ಮಾಡಲಿ?

ಮೂರು ವಾರದಲ್ಲಿ ಮಳೆಗಾಲ. ತೋಡಿದ ಟ್ರೆಂಚನ್ನು ಹಾಗೇ ಬಿಡುವಂತೆಯೂ ಇಲ್ಲ, ಅದೇ ನೀರಿಗೆ ದಾರಿಯಾಗಿ ಬರೆಯನ್ನು ತಿನ್ನುತ್ತದೆ. ಕಣ್ಣಿನ ನೀರನ್ನು ಕಲ್ಲು ಕಟ್ಟಿದ ತೋಡಿನಲ್ಲಿ ಇಳಿಸಿ, ಸೀತಕ್ಕನ ಮನೆಯನ್ನು ಬಳಸಿ, ಆಚೆಯ ಕೊಲ್ಲಿಯ ಹಳ್ಳಕ್ಕೆ ಸೇರಿಸಬೇಕು. ಅಂದರೆ ತೋಡು ಅವರ ಜಾಗದ ಅಂಚಿನಲ್ಲಿ ಹಾದು ಹೋಗಬೇಕು. ಅಂದರೆ ಅವರು ಒಪ್ಪಬೇಕು. ಅಂದರೆ ಐದು ಸಾಲು ಮುಳ್ಳುತಂತಿ ಎಳೆಸಿದವನು ಹೋಗಿ ಕೇಳಬೇಕು.

"ನೀವು ಮಾತಾಡಿ ಮೇಡಂ" ಎಂದೆ.

"ನಾನು ಬರ್ತೀನಿ. ಮಾತು ನಿಮ್ದು."

ಸೀತಕ್ಕ ಕಾಫಿ ಒಣಗಿಸುವ ಕಣ ಗುಡಿಸುತ್ತಿದ್ದರು. ನನ್ನನ್ನು ನೋಡಿ ಪೊರಕೆ ನಿಲ್ಲಿಸಲಿಲ್ಲ.

"ಎಂತ ಸಾವ್ಕಾರ್ರೆ, ತಂತಿ ಕಮ್ಮಿ ಬಿತ್ತಾ? ನಮ್ಮ ಕಡೆ ಸ್ವಲ್ಪ ಉಂಟು, ಬೇಕಾದ್ರೆ ತಕೊಂಡೋಗಿ."

ಜೇಬಿನಲ್ಲಿ ಒಂದು ರೇಟು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅಂಚಿನ ಜಾಗಕ್ಕೆ ಇಂತಿಷ್ಟು, ಮೊದಲು ಅರ್ಧ ಹೇಳುವುದು, ಆಮೇಲೆ ಏರಿಸುವುದು. ಬಾಯಿ ತೆರೆದರೆ ಬಂದದ್ದು ಬೇರೆ.

"ತಪ್ಪಾಯ್ತು ಸೀತಕ್ಕ. ನೀವು ನೀರಿನ ಕಣ್ಣು ಅಂದ್ರಿ. ನಾನು ನಿಮ್ಮ ಕಣ್ಣು ಅಂದ್ಕೊಂಡೆ."

ಈಗ ಪೊರಕೆ ನಿಂತಿತು. ಒಳಗೆ ತಿರುಗಿ, "ಮೂರು ಲೋಟ ಕಾಫಿ ಇಡು ಮಗಾ" ಎಂದು ಸೊಸೆಗೆ ಕೂಗಿ ಹೇಳಿದರು.

ಮೇಡಂ ಕಣದ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡ, ಮನೆ, ಕೊಟ್ಟಿಗೆ, ಕೊಲ್ಲಿ ಎಲ್ಲ ಬರೆದರು. ಒಂದು ಚೊಂಬು ನೀರು ತರಿಸಿ, ಕಣದ ಎತ್ತರದ ಕಡೆಯಿಂದ ಸುರಿದು, ನೀರು ಹೋಗುವ ದಾರಿ ತೋರಿಸಿದರು. ಮಕ್ಕಳಿಗೆ ಹೇಳಿದಷ್ಟೇ ತಾಳ್ಮೆ, ಅದೇ ಮಾತು. ಸೀತಕ್ಕ ಬಗ್ಗಿ ನೋಡಿ, "ಇಲ್ಲಲ್ಲ ಮೇಡಮ್ಮ, ಇಲ್ಲಿ ಬಂಡೆ ಉಂಟು, ಈ ಕಡೆ ತಿರುಗಿಸ್ಬೇಕು" ಎಂದು ಕಾಲಬೆರಳಲ್ಲೇ ಗೆರೆ ಅಳಿಸಿದರು. ಮೇಡಂ ಸೀಮೆಸುಣ್ಣವನ್ನು ಅವರ ಕೈಗೆ ಕೊಟ್ಟರು. ಮಿಕ್ಕ ತೋಡನ್ನು ಬರೆದದ್ದು ಸೀತಕ್ಕ.

ಆಮೇಲೆ ಷರತ್ತುಗಳು. ನಾನು ತಲೆಬಾಗಿ ಕೇಳಿದ ಮೊದಲ ಚೌಕಾಸಿ ಅದು. ಮಣ್ಣಿನ ತೋಡು ಆಗದು, ಕಲ್ಲು ಕಟ್ಟಬೇಕು. ಮನೆಗೆ ಬರುವ ದಾರಿ ದಾಟುವಲ್ಲಿ ದೊಡ್ಡ ಪೈಪು ಹಾಕಬೇಕು. ತಂತಿ ತೆಗೆಯಬೇಕು, ಕೆಸ ಮತ್ತೆ ಬರಬೇಕು, ಕೊಯ್ಯಲು ತನಗೆ ದಾರಿ ಇರಬೇಕು. ಪ್ರತಿ ವರ್ಷ ಮಳೆಗೆ ಮುಂಚೆ ತೋಡು ಬಿಡಿಸುವ ಖರ್ಚು ನನ್ನದು. "ಕಾಗದದಲ್ಲಿ ಬರೆದು ಕೊಡಿ. ಬಾಯಿಮಾತು ನಿಮಗೆ ಸರಿಯಾಗಿ ಕೇಳೋದಿಲ್ಲ ಅಂತ ಗೊತ್ತಾಯ್ತಲ್ಲ."

ಜಾಗಕ್ಕೆ ದುಡ್ಡು? ಕೇಳಲೇ ಇಲ್ಲ. ನಾನು ಹೇಳಿದಾಗ, "ನೀರು ಹೋಗೋದಕ್ಕೆ ಎಂತ ದುಡ್ಡು?" ಎಂದರು.

ಕೆಲಸ ಮುಗಿದದ್ದು ಜೂನ್ ಮೊದಲ ವಾರ, ಮಳೆ ಹಿಡಿಯಲು ಎರಡು ದಿನ ಇರುವಾಗ. ಟ್ರೆಂಚು ಮುಚ್ಚಿ ಕಲ್ಲು ತುಂಬಿದ್ದು, ಸೈಜುಗಲ್ಲು ಸಾಗಿಸಿದ್ದು, ತೋಡು ಕಟ್ಟಿದ್ದು, ಪೈಪು (ಅಂಗಡಿಯ ಅಸಲು ದರದಲ್ಲಿ) ಎಲ್ಲ ಸೇರಿ ಮೊದಲು ಹೇಳಿದ ಮೊತ್ತ. ನಾಲ್ಕನೇ ಕಾಟೇಜು ಹೋಯಿತು, ಅದು ಬೇರೆ.

ಜುಲೈ ತಿಂಗಳಲ್ಲಿ ಗಾಳಿಬೀಡಿನಲ್ಲಿ ಎಂಥ ಮಳೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದು ಬಿಡದೆ ಸುರಿದ ಐದನೇ ದಿನ ಬೆಳಿಗ್ಗೆ ಸೀತಕ್ಕನ ಮಗ ಫೋನ್ ಮಾಡಿ, "ಅಣ್ಣ, ಕಣ್ಣು ಬಿಟ್ಟಿದೆ, ಬಂದು ನೋಡಿ" ಎಂದ. ಕಾಫಿ ಕುಡಿಯದೆಯೇ ಹೊರಟೆ. ಮೂಲೆಯಲ್ಲಿ, ಗೋಡೆ ಬರಬೇಕಿದ್ದ ಜಾಗದಲ್ಲೇ, ತೊಡೆಗಾತ್ರದ ನೀರು ಗುಳುಗುಳು ಎಂದು ಉಕ್ಕುತ್ತಿತ್ತು. ಉಕ್ಕಿದ್ದು ತೋಡಿಗೆ ಇಳಿದು, ಬಂಡೆಯ ಬಳಿ ತಿರುಗಿ, ಕೊಟ್ಟಿಗೆಯ ಹಿಂದಿನಿಂದ ಕೊಲ್ಲಿಗೆ ಓಡುತ್ತಿತ್ತು. ಸೀತಕ್ಕನ ಸೊಸೆ ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ನಿಂತು ನೀರು ತೋರಿಸುತ್ತಿದ್ದಳು. ಬರೆ ಇದ್ದಲ್ಲೇ ಇತ್ತು.

ನಾನು ಕೊಡೆ ಹಿಡಿದು ಬಹಳ ಹೊತ್ತು ನಿಂತಿದ್ದೆ. ಯಾವ ಬಿಲ್ಲು ಕಟ್ಟಿದ ಮೇಲೂ ನನಗೆ ಅಷ್ಟು ಹಗುರ ಎನಿಸಿದ್ದಿಲ್ಲ.

ಮಳೆ ಕಡಿಮೆಯಾದ ಮೇಲೆ ಮೇಡಂ ಒಂದು ಭಾನುವಾರ ನೋಡಲು ಬಂದರು. ಬಿಟ್ಟಿ ಸಲಹೆ ಕೊಡುವ ಚಟ ನನ್ನದು, ನಿಮಗೆ ಗೊತ್ತೇ ಇದೆ. "ಮೇಡಂ, ಇಷ್ಟು ಚೆನ್ನಾಗಿ ಕೆಲಸ ಮಾಡ್ತೀರಿ. ಆ ಪಾಠದ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದ್ರೆ ಮೂರು ಪಟ್ಟು ಸಂಪಾದಿಸಬಹುದು" ಎಂದೆ.

"ನನ್ನ ಆಫೀಸಲ್ಲಿ ಇಬ್ರಿದ್ದಾರೆ. ಆ ನಕ್ಷೆ ಅವರೂ ನೋಡಿದ್ರು, ಏನೂ ಹೇಳಲಿಲ್ಲ. ಸಂಬಳ ಕೊಡೋಳು ನಾನಲ್ವಾ? ಕಾವ್ಯಂಗೆ ನಾನು ಏನೂ ಕೊಡಲ್ಲ. ಪ್ರಶ್ನೆ ಕೇಳಿದ್ರೆ ಮಾರ್ಕ್ಸ್ ಕೊಡ್ತೀನಿ, ಅಷ್ಟೆ."

"ಹಾಗಾದ್ರೆ ಈ ಓಡಾಟ ಬಿಟ್ಟು ಪಾಠನೇ ಮಾಡ್ಬಹುದಲ್ಲ?"

"ತಪ್ಪಿದ್ರೆ ಯಾರ ಮನೆ ಮೇಲೆ ಬೀಳುತ್ತೆ ಅಂತ ಬೋರ್ಡ್ ಮೇಲೆ ಬರೆದು ತೋರ್ಸೋಕಾಗಲ್ಲ ಸರ್. ಇಲ್ಲಿಗೆ ಕರ್ಕೊಂಡ್ ಬರ್ಬೇಕು."

ಅರ್ಧ ವಾರದ ಆರ್ಕಿಟೆಕ್ಟ್ ಎಂದು ಅರ್ಧ ಫೀಸು ಕೇಳಿದವನು ನಾನು. ಈಗ ಅನಿಸುತ್ತದೆ, ಒಂದು ಫೀಸಿಗೆ ಎರಡು ಕೆಲಸ ಮಾಡಿಸಿಕೊಂಡು ಲಾಭ ಹೊಡೆದಿದ್ದೇನೆ. (ಇದನ್ನು ಮೇಡಂ ಓದಿ ಫೀಸು ಏರಿಸಿದರೆ ಅದೂ ನನ್ನ ಪಾಲಿಗೇ.) ಅಂಗಡಿಯ ಹುಡುಗರಿಗೂ ಹೇಳಿಬಿಟ್ಟಿದ್ದೇನೆ, ನಾನು ತಪ್ಪು ಸಾಮಾನು ಕೊಟ್ಟರೆ ಗಿರಾಕಿಯ ಮುಂದೆಯೇ ಹೇಳಿ ಎಂದು. ಕಳೆದ ತಿಂಗಳಲ್ಲಿ ನಾಲ್ಕು ಸಲ ಹೇಳಿದ್ದಾರೆ. ಸ್ವಲ್ಪ ಜಾಸ್ತಿಯೇ ಉತ್ಸಾಹ.

ನೀವೂ ಇಳಿಜಾರಿನಲ್ಲಿ ಜಾಗ ಕೊಂಡು ಏನೋ ಕಟ್ಟುವ ಯೋಚನೆಯಲ್ಲಿದ್ದರೆ ಕೇಳಿ. ತಜ್ಞರು ಬಂದು ನೋಡುವ ತನಕ ಒಂದು ಗಿಡವನ್ನೂ ಕೀಳಿಸಬೇಡಿ, ಕೊಳಕಾಗಿ ಕಂಡರೆ ಕಾಣಲಿ. ಪಕ್ಕದವರು ಹೇಳಿದ ಮಾತನ್ನು ಅವರು ಹೇಳಿದಂತೆಯೇ ಒಪ್ಪಿಸಿ, ನಿಮ್ಮ ಅರ್ಥ ಸೇರಿಸಬೇಡಿ. ಆರ್ಕಿಟೆಕ್ಟರನ್ನು ಆರಿಸುವಾಗ ಅವರು ಕಟ್ಟಿದ್ದರ ಫೋಟೋ ಆಮೇಲೆ ನೋಡಿ. ಅವರ ತಪ್ಪನ್ನು ಅವರ ಮುಖಕ್ಕೇ ಹೇಳುವವರು ಯಾರಿದ್ದಾರೆ ಎಂದು ಮೊದಲು ಕೇಳಿ.

ಮತ್ತೆ, ಅಳತೆಯ ಟೇಪು ಬಿಚ್ಚುವ ಮುಂಚೆ ನಿಮ್ಮ ಜಾಗದ ಕೆಳಗಿನ ಮನೆಯ ಜಗಲಿಯಲ್ಲಿ ಒಂದು ಗಂಟೆ ಕೂತು ಬನ್ನಿ. ಖರ್ಚಿಲ್ಲದ ಸರ್ವೆ ಅದೊಂದೇ.